ಆಟದ ಗಳಿಕೆಯೂ ಹಲಾಲ್ ಗಳಿಕೆಯೂ



ಅಲ್ಲಾಹನ ನಾಮದಿಂದ ಆರಂಭಿಸುತ್ತೇನೆ. ಈ ಸಲ ನಿಮ್ಮ ಮುಂದಿಡುತ್ತಿರುವುದು ಹದಿಮೂರು ವರ್ಷದ ಒಬ್ಬ ಹುಡುಗನ ಪ್ರಶ್ನೆಯನ್ನು. ಪ್ರಶ್ನೆ ಕೇಳಿದಾಗ ತರಗತಿಯ ಉಳಿದ ಮಕ್ಕಳೆಲ್ಲ ನಕ್ಕುಬಿಟ್ಟರು. ನನಗೂ ನಗು ಬಂದಿತ್ತೆಂಬುದು ಸುಳ್ಳಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಎಲ್ಲಿಗೆ ಕೊಂಡೊಯ್ದು ನಿಲ್ಲಿಸಿತೆಂದರೆ, ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಶ್ರೀಮಂಗಲದ ಮಳೆಗಾಲ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಕೊಡಗಿನ ದಕ್ಷಿಣದ ಅಂಚು. ಇಲ್ಲಿಂದ ಕುಟ್ಟ ದಾಟಿದರೆ ವಯನಾಡು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಅಂಥ ಒಂದು ಬೆಳಿಗ್ಗೆ ಮದ್ರಸದಲ್ಲಿ ವ್ಯಾಪಾರದ ಶರತ್ತುಗಳ ಪಾಠ ನಡೆಯುತ್ತಿತ್ತು. ಮಾರುವ ವಸ್ತು ಹೇಗಿರಬೇಕು, ಅದು ಮಾರುವವನ ಸ್ವಾಧೀನದಲ್ಲಿರಬೇಕೇ, ಅಳತೆ ತಿಳಿದಿರಬೇಕೇ ಎಂದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಆ ಹುಡುಗ ಎದ್ದು ನಿಂತ.

“ಉಸ್ತಾದ್, ಆಟದೊಳಗೆ ವ್ಯಾಪಾರ ಮಾಡಿ ನಾನು ಮುನ್ನೂರು ಪಚ್ಚೆಕಲ್ಲು ಸಂಪಾದಿಸಿದ್ದೇನೆ. ಅದು ಹಲಾಲಾ?”

ನಗು ಅಡಗಿದ ಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ. ವಿರಾಜಪೇಟೆಯಲ್ಲಿರುವ ಅವನ ದೊಡ್ಡಮ್ಮನ ಮಗ ಅವಷ್ಟನ್ನೂ ತನಗೆ ಕೊಟ್ಟರೆ 500 ರೂಪಾಯಿ ಕೊಡುತ್ತೇನೆಂದಿದ್ದಾನಂತೆ. ಉಮ್ಮನ ಮೊಬೈಲಿಗೆ ಫೋನ್‌ಪೇ ಮಾಡುತ್ತಾನಂತೆ.

ಇದನ್ನು ಓದುತ್ತಿರುವ ಹಿರಿಯರಲ್ಲಿ ಅನೇಕರಿಗೆ ಈ ಪಚ್ಚೆಕಲ್ಲು ಯಾವುದೆಂದು ತಿಳಿದಿರಲಾರದು. ನನಗೂ ತಿಳಿದಿರಲಿಲ್ಲ. ತಿಳಿಯದ ವಿಷಯದಲ್ಲಿ ತೀರ್ಪು ಹೇಳುವುದಕ್ಕಿಂತ ಹುಡುಗನ ಪಕ್ಕದಲ್ಲಿ ಕುಳಿತು ಕೇಳಿ ತಿಳಿಯುವುದು ಮೇಲೆಂದು, ಅಂದು ಸಂಜೆ ಅಸರ್ ನಮಾಝಿನ ಬಳಿಕ ಅವನನ್ನು ಮಸೀದಿಯ ಜಗಲಿಯಲ್ಲಿ ಕೂರಿಸಿಕೊಂಡೆ. “ಮೋನೇ, ತೋರಿಸು ನೋಡೋಣ” ಎಂದೆ. ಅವನಿಗೆ ಎಲ್ಲಿಲ್ಲದ ಸಂತೋಷ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದಲ್ಲಿ ಹುಟ್ಟಿ 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಆಟ. 2014ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಅದರ ಒಡೆಯರನ್ನು 250 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅದರೊಳಗೊಂದು ಲೋಕ. ಕಾಡು, ಹೊಲ, ಗುಡ್ಡ, ನಡುವೆ ಹಳ್ಳಿಗಳು. ಹಳ್ಳಿಗಳಲ್ಲಿ ಉದ್ದ ಮೂಗಿನ ಹಳ್ಳಿಗರಿದ್ದಾರೆ. ಅವರನ್ನು ನಡೆಸುವುದು ಯಂತ್ರವೇ ಹೊರತು ಮನುಷ್ಯರಲ್ಲ. ಒಬ್ಬ ರೈತ, ಒಬ್ಬ ಕಮ್ಮಾರ, ಒಬ್ಬ ಬಾಣ ಮಾಡುವವನು, ಹೀಗೆ. ರೈತನಿಗೆ 20 ಗೋಧಿ ಕೊಟ್ಟರೆ ಒಂದು ಪಚ್ಚೆಕಲ್ಲು ಕೊಡುತ್ತಾನೆ. ಬಾಣ ಮಾಡುವವನಿಗೆ 32 ಕಡ್ಡಿ ಕೊಟ್ಟರೂ ಒಂದು ಪಚ್ಚೆ. ಹುಡುಗ ಲೆಕ್ಕ ಹೇಳಿದ: ಒಂದು ಮರದ ದಿಮ್ಮಿಯಿಂದ 4 ಹಲಗೆ, 2 ಹಲಗೆಯಿಂದ 4 ಕಡ್ಡಿ, ಅಂದರೆ 4 ದಿಮ್ಮಿ ಕಡಿದರೆ ಒಂದು ಪಚ್ಚೆ. ಶಾಲೆಯಲ್ಲಿ ಗಣಿತದಲ್ಲಿ ಅವನಿಗೆ ಬರುವ ಅಂಕಗಳು ನನಗೆ ಗೊತ್ತು. ಈ ಲೆಕ್ಕದಲ್ಲಿ ಮಾತ್ರ ಒಂದು ಕಡ್ಡಿಯೂ ತಪ್ಪಲಿಲ್ಲ.

ಒಂದೇ ಸರಕನ್ನು ಒಬ್ಬನಿಗೇ ಸುರಿಯುತ್ತಾ ಹೋದರೆ ಅವನು ಕೊಳ್ಳುವುದನ್ನು ನಿಲ್ಲಿಸುತ್ತಾನೆ. ತನ್ನ ಕಸುಬಿನ ಜಾಗಕ್ಕೆ ಹೋಗಿ ಕೆಲಸ ಮಾಡಿ ಬಂದ ಮೇಲೆಯೇ ಮತ್ತೆ ವ್ಯಾಪಾರ. ಹಳ್ಳಿಗನಿಗೆ ಹೊಡೆದರೆ ಬೆಲೆ ಏರಿಸಿಬಿಡುತ್ತಾನೆ. ಇದನ್ನು ರಚಿಸಿದವರಿಗೆ ಸಂತೆಯ ಮರ್ಮ ಚೆನ್ನಾಗಿ ತಿಳಿದಿದೆ ಎನಿಸಿತು. ಕಾಫಿ ಕೊಯ್ಲಿನ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಏನಾಗುತ್ತದೆಂದು ನಮ್ಮ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಪ್ರಶ್ನೆಗೆ ಬರೋಣ. ಆಟದೊಳಗಿನ ಆ ಕೊಡುಕೊಳ್ಳುವಿಕೆ ಹಲಾಲೋ ಹರಾಮೋ? ನನ್ನ ಅರಿವಿಗೆ ಎಟುಕಿದಂತೆ, ಅದು ಶರೀಅತ್ ಹೇಳುವ ವ್ಯಾಪಾರವೇ ಅಲ್ಲ. ವ್ಯಾಪಾರಕ್ಕೆ ಇಬ್ಬರು ಬೇಕು, ಇಬ್ಬರ ಸಮ್ಮತಿ ಬೇಕು. ಪರಸ್ಪರ ಒಪ್ಪಿಗೆಯ ವ್ಯವಹಾರದಿಂದಲ್ಲದೆ ಒಬ್ಬರ ಸೊತ್ತನ್ನು ಇನ್ನೊಬ್ಬರು ತಿನ್ನಬಾರದೆಂದು ಸೂರಃ ಅನ್ನಿಸಾಅ್‌ನಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಉದ್ದ ಮೂಗಿನ ಆ ಹಳ್ಳಿಗನಿಗೆ ಸೊತ್ತೂ ಇಲ್ಲ, ಸಮ್ಮತಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅವನಿಂದ ಪಡೆದದ್ದು ಗಳಿಕೆಯೂ ಅಲ್ಲ, ಕಳವೂ ಅಲ್ಲ. ಅದು ಆಟ. ಆದ್ದರಿಂದ ಅದಕ್ಕೆ ಆಟದ ನಿಯಮ: ನಮಾಝ್ ತಪ್ಪಬಾರದು, ಓದು ಕೆಡಬಾರದು, ಉಮ್ಮ ಕರೆದರೆ ಓಗೊಡಬೇಕು, ಕಣ್ಣಿಗೂ ನಿದ್ರೆಗೂ ಹಾನಿಯಾಗಬಾರದು. ಇಸ್ಲಾಮ್ ಮಕ್ಕಳ ಆಟದ ವೈರಿಯಲ್ಲ. ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದ ಆಯಿಷಾ(ರ)ರನ್ನು ಪ್ರವಾದಿವರ್ಯರು(ಸ) ತಡೆಯಲಿಲ್ಲ. ಜೊತೆಗೆ ಆಡಲು ಗೆಳತಿಯರನ್ನೂ ಕಳುಹಿಸಿಕೊಡುತ್ತಿದ್ದರು.

ಆದರೆ 500 ರೂಪಾಯಿಯ ಮಾತು ಬಂದೊಡನೆ ಆಟ ಮುಗಿಯಿತು. ಈಗ ಎರಡು ಕಡೆಯಲ್ಲಿಯೂ ಮನುಷ್ಯರಿದ್ದಾರೆ. ನಮ್ಮ ಶಾಫಿಈ ಕರ್ಮಶಾಸ್ತ್ರದ ಪ್ರಕಾರ ಮಾರುವ ವಸ್ತು ಪ್ರಯೋಜನವುಳ್ಳದ್ದಾಗಿರಬೇಕು, ಮಾರುವವನಿಗೆ ಅದರ ಮೇಲೆ ಅಧಿಕಾರವಿರಬೇಕು, ಕೊಳ್ಳುವವನ ಕೈಗೆ ಒಪ್ಪಿಸಲು ಸಾಧ್ಯವಿರಬೇಕು, ಇಬ್ಬರಿಗೂ ಅದು ಏನೆಂದು ತಿಳಿದಿರಬೇಕು. ಹುಡುಗ ಆ ಪಚ್ಚೆಗಳ ಒಡೆಯನೇ? ಆಟಕ್ಕೆ ಸೇರುವಾಗ ‘ಒಪ್ಪಿದ್ದೇನೆ’ ಎಂಬಲ್ಲಿ ಬೆರಳಿಟ್ಟಿದ್ದಾನಲ್ಲ, ಆ ಕರಾರಿನಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಆಡಲಷ್ಟೇ ಅನುಮತಿ, ಹೊರಗೆ ಹಣಕ್ಕೆ ಮಾರಕೂಡದು ಎಂದು ಒಡೆಯರು ಹೇಳಿದ್ದರೆ, ಒಪ್ಪಿಕೊಂಡ ಶರತ್ತಿಗೆ ಮುಸ್ಲಿಮನು ಬದ್ಧ. ಕರಾರುಗಳನ್ನು ನೆರವೇರಿಸಬೇಕೆಂಬ ಆಜ್ಞೆಯಿಂದಲೇ ಸೂರಃ ಅಲ್‌ಮಾಇದಃ ಆರಂಭವಾಗುತ್ತದೆ. ನಾನು ಮುಫ್ತಿಯಲ್ಲ, ಹೊಸ ಕಾಲದ ಇಂಥ ಸೊತ್ತಿನ ಬಗ್ಗೆ ದೊಡ್ಡ ವಿದ್ವಾಂಸರಲ್ಲಿ ಕೇಳಿ ಎಂದು ಹೇಳುವುದು ನನ್ನ ಕರ್ತವ್ಯ. ಹುಡುಗನಿಗೆ ಮಾತ್ರ ಸರಳವಾಗಿ ಹೇಳಿದೆ: ದೊಡ್ಡಮ್ಮನ ಮಗನಿಗೆ ಬೇಕಿದ್ದರೆ ಸುಮ್ಮನೆ ಕೊಡು, ದುಡ್ಡು ತೆಗೆದುಕೊಳ್ಳಬೇಡ.

ಇಲ್ಲಿ ಹೆತ್ತವರಿಗೆ ಒಂದು ಮಾತು. ಎಲ್ಲ ಆಟಗಳನ್ನೂ ಒಂದೇ ಗೋಣಿಗೆ ತುಂಬಬೇಡಿ. ಇಷ್ಟು ಕೊಟ್ಟರೆ ಇಷ್ಟು ಎಂದು ಮೊದಲೇ ತಿಳಿದಿರುವ ಆಟದ ಅಂಗಡಿ ಬೇರೆ. ನಿಜವಾದ ಹಣ ತೆತ್ತು ಮುಚ್ಚಿದ ಪೆಟ್ಟಿಗೆ ಕೊಂಡು, ಒಳಗೆ ಏನು ಬರುವುದೋ ಎಂದು ಕಾಯುವುದು ಬೇರೆ. ಎರಡನೆಯದು ಮೈಸಿರ್‌ನ, ಅಂದರೆ ಜೂಜಿನ ಹೊಸ್ತಿಲು. ಇನ್ನು ಹಣ ಕಟ್ಟಿ ಹಣ ಗೆಲ್ಲುವ ಇಸ್ಪೀಟು, ಪಂದ್ಯಗಳ ಆ್ಯಪ್‌ಗಳಂತೂ ಹೊಸ್ತಿಲು ದಾಟಿ ಒಳಗೇ ಕುಳಿತಂತೆ. ಕರ್ನಾಟಕ ಸರಕಾರ 2021ರಲ್ಲಿ ಅವುಗಳ ವಿರುದ್ಧ ಕಾನೂನು ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನು ಬಂದರೂ ಹೋದರೂ ಜೂಜಿನ ಕುರಿತಾದ ಅಲ್ಲಾಹನ ವಿಧಿ ಹದಿನಾಲ್ಕು ಶತಮಾನಗಳಿಂದ ಅದೇ ಇದೆ. ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ, ಏಕೆಂದರೆ ನಾನು ಹೇಳಹೊರಟದ್ದು ಬೇರೆ.

ಆ ಸಂಜೆ ಹುಡುಗ ಮೊಬೈಲನ್ನು ಜೇಬಿಗೆ ಹಾಕುವ ಮುನ್ನ ಗುಟ್ಟು ಹೇಳುವವನಂತೆ ನನ್ನ ಹತ್ತಿರ ಸರಿದ. “ಉಸ್ತಾದ್, ಬೇಗ ಶ್ರೀಮಂತನಾಗಲು ಒಂದು ಉಪಾಯವಿದೆ” ಎಂದ. ರಾತ್ರಿ ಹೊತ್ತು ಆಟದಲ್ಲಿ ಜೋಂಬಿಗಳೆಂಬ ಪಿಶಾಚಿಗಳು ಬರುತ್ತವೆ. ಹಳ್ಳಿಗನನ್ನು ತಪ್ಪಿಸಿಕೊಳ್ಳಲಾಗದ ಹಾಗೆ ಒಂದು ಗುಂಡಿಯಲ್ಲಿ ಕೂಡಿಹಾಕಿ, ಬೇಕೆಂದೇ ಜೋಂಬಿಯಿಂದ ಕಚ್ಚಿಸಬೇಕು. ಅವನೂ ಜೋಂಬಿಯಾಗುತ್ತಾನೆ. ಆಗ ಅವನ ಮೇಲೆ ಒಂದು ದ್ರವ ಎರಚಿ ಚಿನ್ನದ ಸೇಬು ತಿನ್ನಿಸಿದರೆ ನಡುಗುತ್ತಾ ನಡುಗುತ್ತಾ ಕೆಲವು ನಿಮಿಷಗಳಲ್ಲಿ ಗುಣವಾಗುತ್ತಾನೆ. ಗುಣವಾದ ಮೇಲೆ, ತನ್ನ ಜೀವ ಉಳಿಸಿದನೆಂಬ ಕೃತಜ್ಞತೆಯಿಂದ ನಮಗೆ ಮಾತ್ರ ತೀರ ಅಗ್ಗಕ್ಕೆ ಕೊಡುತ್ತಾನೆ.

“ಕಚ್ಚಿಸಿದ್ದು ನೀನೇ ಎಂದು ಅವನಿಗೆ ಗೊತ್ತಾಗುವುದಿಲ್ಲವಾ?” ಎಂದು ಕೇಳಿದೆ.

“ಇಲ್ಲ ಉಸ್ತಾದ್, ಗುಣ ಮಾಡಿದ್ದು ಮಾತ್ರ ನೆನಪಿರುತ್ತದೆ.”

ಹುಡುಗ ಸಲಾಮ್ ಹೇಳಿ ಹೋದ. ನಾನು ಮಗ್ರಿಬ್ ಬಾಂಗಿನವರೆಗೂ ಅದೇ ಜಗಲಿಯಲ್ಲಿ ಕುಳಿತಿದ್ದೆ.

ಪ್ರಿಯ ಸಹೋದರರೇ, ಆ ಮಗು ಆಡಿದ್ದು ಹೊಟ್ಟೆಯಿಲ್ಲದ ಬೊಂಬೆಯೊಂದಿಗೆ. ಇದೇ ಉಪಾಯವನ್ನು ಹೊಟ್ಟೆಯಿರುವವರ ಮೇಲೆ ನಡೆಸುವವರು ನಮ್ಮ ನಡುವೆ ಇಲ್ಲವೇ? ಆಷಾಢದ ಮಳೆಯಲ್ಲಿ ಕೂಲಿಯಿಲ್ಲದೆ, ಅಕ್ಕಿಯಿಲ್ಲದೆ ಕುಳಿತ ಸಣ್ಣ ಬೆಳೆಗಾರನ ಮನೆಗೆ ಐದು ಸಾವಿರ ರೂಪಾಯಿ ಹಿಡಿದುಕೊಂಡು ಹೋಗುತ್ತೇವೆ. ‘ಪಾಪ, ಕಷ್ಟದಲ್ಲಿದ್ದೀಯ, ಇಟ್ಟುಕೋ, ಮೆಣಸು ಕೊಯ್ದಾಗ ನಮಗೇ ಕೊಟ್ಟರೆ ಸಾಕು’ ಎನ್ನುತ್ತೇವೆ. ಫೆಬ್ರವರಿ, ಮಾರ್ಚ್ ಬರುತ್ತದೆ. ಹಸಿಮೆಣಸು ಒಣಗಿದಾಗ ಮೂರರಲ್ಲಿ ಒಂದು ಪಾಲು ತೂಕ ಉಳಿಯುತ್ತದೆ. ಅದರಲ್ಲೂ ತೇವವಿದೆಯೆಂದು ಒಂದಿಷ್ಟು ಕಡಿತ. ತೇವ ಅಳೆಯುವ ಯಂತ್ರ ನಮ್ಮ ಕೈಯಲ್ಲಿ, ತಕ್ಕಡಿಯೂ ನಮ್ಮ ಕೈಯಲ್ಲಿ. ದರ ಪೇಟೆಯ ದರಕ್ಕಿಂತ ಮೂವತ್ತು ರೂಪಾಯಿ ಕಡಿಮೆ. ಅವನು ಬಾಯಿ ಬಿಡುವುದಿಲ್ಲ. ಮಳೆಗಾಲದಲ್ಲಿ ಕೈಹಿಡಿದವರಲ್ಲವೇ ನಾವು?

ಮುಂಗಡ ಕೊಟ್ಟು ಬೆಳೆ ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರವಾದಿವರ್ಯರು(ಸ) ಮದೀನಕ್ಕೆ ಬಂದಾಗ ಅಲ್ಲಿಯ ಜನ ವರ್ಷ, ಎರಡು ವರ್ಷ ಮೊದಲೇ ಹಣ ಕೊಟ್ಟು ಖರ್ಜೂರ ಕೊಳ್ಳುತ್ತಿದ್ದರು. ಅವರು ಅದನ್ನು ನಿಷೇಧಿಸಲಿಲ್ಲ; ಅಳತೆ, ತೂಕ, ಅವಧಿ ಸ್ಪಷ್ಟವಾಗಿರಬೇಕೆಂದು ನಿರ್ದೇಶಿಸಿದರು. ಇದಕ್ಕೇ ಸಲಮ್ ಎನ್ನುವುದು. ಇಂಥ ಗುಣದ ಒಣಮೆಣಸು, ಇಷ್ಟು ಕಿಲೋ, ಇಂಥ ತಿಂಗಳು ಎಂದು ಹೇಳಿ, ಪೂರ್ತಿ ಹಣವನ್ನು ಆ ಕೂಟದಲ್ಲೇ ಎಣಿಸಿ ಕೊಟ್ಟರೆ ಅದು ವ್ಯಾಪಾರ. ‘ಈ ತೋಟದ ಈ ಬಳ್ಳಿಯದ್ದೇ’ ಎಂದು ಕಟ್ಟಿಹಾಕಿದರೆ ಆಗದು, ಬಳ್ಳಿ ಸೊರಗು ರೋಗಕ್ಕೆ ಬಲಿಯಾದರೆ ಅವನೇನು ಮಾಡಬೇಕು? ನಾವು ಮಾಡುತ್ತಿರುವುದಾದರೋ ಇದಾವುದೂ ಅಲ್ಲ. ಕೊಟ್ಟಿರುವುದು ಸಾಲ; ಹಾಕಿರುವುದು ಕಡಿಮೆ ಬೆಲೆಗೆ ನಮಗೇ ಮಾರಬೇಕೆಂಬ ಶರತ್ತು. ಸಾಲ ಕೊಟ್ಟವನು ಶರತ್ತು ಹಾಕಿ ಪಡೆಯುವ ಲಾಭ ಬಡ್ಡಿಯೇ ಎಂಬುದು ಎಲ್ಲ ಮದ್‌ಹಬ್‌ಗಳ ವಿದ್ವಾಂಸರಿಗೂ ಒಪ್ಪಿತವಾದ ವಿಷಯ. ಬ್ಯಾಂಕಿನ ಬಡ್ಡಿಯ ಹೆಸರೆತ್ತಿದರೆ ಅಸ್ತಗ್‌ಫಿರುಲ್ಲಾಹ್ ಎನ್ನುವ ನಾಲಿಗೆ, ಮೆಣಸಿನ ಕಣದಲ್ಲಿ ಏಕೆ ಮೌನವಾಗುತ್ತದೆ?

ಇನ್ನೊಂದು ಬಗೆಯೂ ಇದೆ. ಸರಕು ಹೊತ್ತು ಪೇಟೆಗೆ ಬರುತ್ತಿರುವವರನ್ನು ದಾರಿಯಲ್ಲೇ ಎದುರುಗೊಂಡು, ಅವರಿಗೆ ಪೇಟೆಯ ದರ ತಿಳಿಯುವ ಮೊದಲೇ ಕೊಂಡುಬಿಡುವುದನ್ನು ಪ್ರವಾದಿವರ್ಯರು(ಸ) ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದು ನಿಜವಾದ ದರ ತಿಳಿದರೆ ವ್ಯಾಪಾರವನ್ನು ಮುರಿಯುವ ಹಕ್ಕು ಅವನಿಗುಂಟು ಎಂದೂ ಹದೀಸ್‌ನಲ್ಲಿದೆ. ಸಹೀಹ್ ಮುಸ್ಲಿಮ್‌ನ ಈ ಪಾಠವನ್ನು ನಾನು ಓದಿದ್ದು ದರ್ಸಿನಲ್ಲಿ, ಇಪ್ಪತ್ತರ ಪ್ರಾಯದಲ್ಲಿ. ಓದಿದ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ಇಷ್ಟು ವರ್ಷ ಯಾರಲ್ಲಿಯೂ ಹೇಳಿರಲಿಲ್ಲ.

1999ರ ಮಾತು. ನನಗಾಗ ಹತ್ತು, ಹನ್ನೊಂದು ವರ್ಷ. ನನ್ನ ಸೋದರಮಾವನೊಬ್ಬರು ಮನೆಮನೆ ಸುತ್ತಿ ಮೆಣಸು ಕೊಳ್ಳುತ್ತಿದ್ದರು. ಅಲ್ಲಾಹನು ಅವರ ಪಾಪಗಳನ್ನು ಮನ್ನಿಸಲಿ, ಈಗ ಅವರಿಲ್ಲ. ಚೀಲ ಹಿಡಿಯಲು ನಾನು ಜೊತೆಗೆ ಹೋಗುತ್ತಿದ್ದೆ. ಹಾಡಿಯೊಂದರಲ್ಲಿ ಯರವ ಸಮುದಾಯದ ಒಬ್ಬ ಹಿರಿಯರಿದ್ದರು. ಮನೆಯ ಹಿಂದಿನ ಹಲಸಿನ ಮರಕ್ಕೆ ಹಬ್ಬಿದ ಬಳ್ಳಿಯಿಂದ ವರ್ಷಕ್ಕೆ ಆರೇಳು ಕಿಲೋ ಮೆಣಸು ಸಿಗುತ್ತಿತ್ತು. ಆ ವರ್ಷ ಮೆಣಸಿಗೆ ಒಳ್ಳೆಯ ಬೆಲೆ. ಪೇಟೆಯಲ್ಲಿ ಕಿಲೋಗೆ ಇನ್ನೂರರ ಆಸುಪಾಸು ನಡೆಯುತ್ತಿತ್ತು. ಅವರು ಮಾವನನ್ನು ಕೇಳದೆ ನನ್ನ ಮುಖ ನೋಡಿ, ಪೇಟೆಯಲ್ಲಿ ಎಷ್ಟಿದೆ ಮಗಾ ಎಂದು ಕೇಳಿದರು. ಮಕ್ಕಳು ಸುಳ್ಳು ಹೇಳುವುದಿಲ್ಲವೆಂದು ಕೇಳಿರಬೇಕು. ಮಾವ ನನ್ನತ್ತ ನೋಡಿದರು. ನಾನು “ನೂರಮೂವತ್ತು” ಎಂದೆ.

ತೂಗಿದಾಗ 7 ಕಿಲೋ ಬಂತು. ಹಿಂದಿರುಗುವ ದಾರಿಯಲ್ಲಿ ಮಾವ ನನಗೆ ಒಂದು ಐಸ್‌ಕ್ಯಾಂಡಿ ತೆಗೆಸಿಕೊಟ್ಟರು. ಕೆಂಪು ಬಣ್ಣದ್ದು.

ಪ್ರವಾದಿವರ್ಯರು(ಸ) ಒಮ್ಮೆ ಅನುಚರರನ್ನು, ದಿವಾಳಿಯೆಂದರೆ ಯಾರೆಂದು ಕೇಳಿದರು. ಹಣವೂ ಸರಕೂ ಇಲ್ಲದವನೆಂದು ಅವರು ಉತ್ತರಿಸಿದರು. ಅದಲ್ಲ, ಪುನರುತ್ಥಾನ ದಿನದಂದು ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ, ಒಬ್ಬನನ್ನು ಬೈದು, ಇನ್ನೊಬ್ಬನ ಸೊತ್ತು ತಿಂದು, ಮತ್ತೊಬ್ಬನಿಗೆ ಹೊಡೆದು ಬಂದವನೇ ನಿಜವಾದ ದಿವಾಳಿ ಎಂದು ತಿಳಿಸಿದರು. ಅವನ ಪುಣ್ಯಗಳನ್ನು ಒಬ್ಬೊಬ್ಬರಿಗೂ ಹಂಚಲಾಗುವುದು. ಅದು ಮುಗಿದರೆ ಅವರ ಪಾಪಗಳನ್ನು ಇವನ ಮೇಲೆ ಹೊರಿಸಲಾಗುವುದು. ಅಂದು ದೀನಾರ್, ದಿರ್ಹಮ್‌ಗಳು ನಡೆಯುವುದಿಲ್ಲ. ಆಟದ ಪಚ್ಚೆಕಲ್ಲನ್ನು ಹೊರಗೆ ತಂದರೆ ಅದಕ್ಕೆ ಬೆಲೆಯಿಲ್ಲದ ಹಾಗೆ, ಇಲ್ಲಿಯ ನೋಟನ್ನು ಅಲ್ಲಿಗೆ ಕೊಂಡೊಯ್ದರೆ ಅದಕ್ಕೂ ಬೆಲೆಯಿಲ್ಲ. 490 ರೂಪಾಯಿಗೆ ಎಷ್ಟು ರಕಅತ್ ನಮಾಝ್ ತೆರಬೇಕಾದೀತು ಎಂಬ ಲೆಕ್ಕ ಯಾವ ಕಿತಾಬಿನಲ್ಲಿಯೂ ಇಲ್ಲ.

‘ಕೊಳ್ಳುವವನಿಗೇನು, ಮಾರುವವನು ಒಪ್ಪಿದ ಬೆಲೆಗೆ ಕೊಂಡರಾಯಿತು’ ಎನ್ನುವವರಿಗೆ ಜರೀರ್ ಬಿನ್ ಅಬ್ದಿಲ್ಲಾಹ್(ರ)ರ ಘಟನೆ ಗೊತ್ತಿರಲಿ. ಅವರ ಸೇವಕ ಮುನ್ನೂರು ದಿರ್ಹಮಿಗೆ ಒಂದು ಕುದುರೆಯನ್ನು ಗೊತ್ತುಮಾಡಿ ಮಾಲೀಕನನ್ನು ಕರೆತಂದ. ಜರೀರ್ ಕುದುರೆಯನ್ನು ನೋಡಿದರು. ಇದು ಮುನ್ನೂರಕ್ಕಿಂತ ಹೆಚ್ಚು ಬಾಳುತ್ತದೆ, ನಾನೂರಕ್ಕೆ ಕೊಡುತ್ತೀಯಾ ಎಂದರು. ಅವನು ಒಪ್ಪಿದ. ಮತ್ತೆ ನೋಡಿ ನೂರು ಏರಿಸಿದರು, ಮತ್ತೆ ಏರಿಸಿದರು. ಕೊನೆಗೆ ಎಂಟುನೂರಕ್ಕೆ ನಿಲ್ಲಿಸಿದರು. ಎಲ್ಲ ಮುಸ್ಲಿಮರ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ತಾನು ಮಾತು ಕೊಟ್ಟಿದ್ದೇನೆ ಎಂಬುದು ಅವರು ನೀಡಿದ ಕಾರಣ. ಇದು ಮುಸ್ಲಿಮರ ನಡುವಿನ ಮಾತಷ್ಟೇ, ಇತರರಿಗೆ ಅನ್ವಯಿಸದು ಎಂದು ಯಾರಾದರೂ ಜಾಣತನ ತೋರಿಸಿದರೆ, ತೂಕದಲ್ಲಿ ವಂಚಿಸುವವರ ಮೇಲೆ ವಿನಾಶವನ್ನು ಸಾರುವ ಸೂರಃ ಅಲ್‌ಮುತಫ್ಫಿಫೀನ್‌ನಲ್ಲಿ ‘ಜನರು’ ಎಂದಿದೆಯೇ ಹೊರತು ಅವರ ಜಾತಿ, ಧರ್ಮ ಹೇಳಿಲ್ಲವೆಂಬುದನ್ನು ಅವರು ಗಮನಿಸಲಿ.

ಒಬ್ಬರ ಸೊತ್ತು ನಮ್ಮಲ್ಲಿ ಉಳಿದರೆ ತೌಬ ಒಂದೇ ಸಾಲದು; ಸೊತ್ತನ್ನು ಮರಳಿಸಬೇಕು. ಅವರಿಲ್ಲದಿದ್ದರೆ ವಾರಸುದಾರರಿಗೆ, ಹುಡುಕಿಯೂ ಯಾರೂ ಸಿಗದಿದ್ದರೆ ಅವರ ಹೆಸರಿನಲ್ಲಿ ದಾನ. ದಾನದ ದಾರಿ ಸುಲಭವೆಂದು ನಾನು ಹುಡುಕದೆಯೇ ಅದನ್ನು ಹಿಡಿದಿದ್ದೆ. ಒಮ್ಮೆ ಯಾವುದೋ ಡಬ್ಬಿಗೆ ಐನೂರು ಹಾಕಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಹುಡುಗನ ಮಾತು ಕೇಳಿದ ಮೇಲೆ ಆ ಸಮಾಧಾನ ನಿಲ್ಲಲಿಲ್ಲ. ಮುಂದಿನ ಎರಡು ಭಾನುವಾರ ವಿಚಾರಿಸುತ್ತಾ ಓಡಾಡಿದೆ. ಆ ಹಿರಿಯರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಕುಟ್ಟದ ಕಡೆಯ ಒಂದು ತೋಟದ ಲೈನ್‌ಮನೆಯಲ್ಲಿದ್ದಾರೆಂದು ತಿಳಿಯಿತು.

ಮೂರನೆಯ ಭಾನುವಾರ ಹೋದೆ. ಅಂದಿನ 490 ರೂಪಾಯಿಯನ್ನು ಇಂದು ಅಷ್ಟೇ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸಾಗದೆ, ಇಂದಿನ ದರದಲ್ಲಿ 7 ಕಿಲೋ ಮೆಣಸಿನ ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡಿದ್ದೆ. ಕೊಟ್ಟಾಗ ಆ ತಾಯಿ ಲಕೋಟೆಯನ್ನೂ ನನ್ನ ಟೋಪಿಯನ್ನೂ ನೋಡಿ, “ಏನಣ್ಣಾ, ಮತ್ತೆ ಓಟು ಬಂತಾ?” ಎಂದು ನಕ್ಕರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನೂರಮೂವತ್ತು ಎಂದವನು ನಾನೇ ಎಂದೂ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಕಪ್ಪು ಕಾಫಿ ತಂದಿಟ್ಟರು.

ಬೇರೆ ವ್ಯಾಪಾರಿಗಳು ಎಷ್ಟು ಕೇಳಿದರೂ ಅಪ್ಪ ಮೆಣಸು ಕೊಡುತ್ತಿರಲಿಲ್ಲವಂತೆ. ಅದನ್ನು ಡಬ್ಬದಲ್ಲಿ ಕಟ್ಟಿಟ್ಟು ನನ್ನ ಮಾವ ಬರುವ ತನಕ ಕಾಯುತ್ತಿದ್ದರಂತೆ. ಐದು ಹೊತ್ತು ನಮಾಝ್ ಮಾಡುವ ಮನುಷ್ಯ, ಜೊತೆಗೆ ಸಣ್ಣ ಮಗುವನ್ನು ಬೇರೆ ಕರೆತರುತ್ತಾನೆ, ಮೋಸ ಮಾಡಲಾರ ಎನ್ನುತ್ತಿದ್ದರಂತೆ.